ಹಳೇ ಇನೋವಾಗೆ ಗ್ಲಾಸ್ ಮಷೀನ್ ಹಾಕ್ಸಿದ್ದು: ಜೆಸಿ ರೋಡಿನ ಪಾರ್ಟು, ಶಿವಮೊಗ್ಗದ ಕೈಕೆಲಸ

ಪೂರ್ತಿ ಓದೋಕೆ ಪುರ್ಸೊತ್ತಿಲ್ದೋರಿಗೆ ಮೊದ್ಲೇ ಮಾರ್ಕ್ಸ್ ಹೇಳ್ಬಿಡ್ತೀನಿ. ಬೆಂಗ್ಳೂರು ಜೆಸಿ ರೋಡಿಂದ ತರಿಸಿದ ಹೆಸರಿಲ್ಲದ ಡಬ್ಬದ ಗ್ಲಾಸ್ ಮಷೀನಿಗೆ, ಅಂದ್ರೆ ಪವರ್ ವಿಂಡೋ ಗ್ಲಾಸನ್ನ ಏರಿಸಿ ಇಳಿಸೋ ಬಾಗ್ಲೊಳಗಿನ ಜೋಡಣೆಗೆ, ಐದಕ್ಕೆ ಮೂರು. ಅದನ್ನ ಹಾಕಿಕೊಟ್ಟ ಸಾಗರ ರೋಡ್ ಆಟೋ ಕಾಂಪ್ಲೆಕ್ಸಿನ ಎಲೆಕ್ಟ್ರಿಷಿಯನ್ನಿಗೆ ಐದಕ್ಕೆ ಐದು, ಆರು ಕೊಡೋ ಹಾಗಿದ್ರೆ ಆರೇ ಕೊಡ್ತಿದ್ದೆ. ಬಾಗ್ಲು ಬಿಚ್ಚಿ ನೋಡದೇನೇ ಕಂಪ್ಯೂಟರಲ್ಲಿ ಟೈಪ್ ಮಾಡಿ ಕೊಟೇಶನ್ ಪ್ರಿಂಟ್ ಕೊಟ್ಟ ಒಂದು ದೊಡ್ಡ ಸರ್ವಿಸ್ ಸೆಂಟರಿದೆ, ಅವರಿಗೆ ಮಾರ್ಕ್ಸ್ ಹಾಕೋವಷ್ಟು ಕೆಲ್ಸಾನೇ ಅವ್ರು ಮಾಡಿಲ್ಲ. ಹೆಸರು ಕೇಳ್ಬೇಡಿ, ಹಾಕಲ್ಲ.

ಗಾಡಿ 2008ರ ಇನೋವಾ, ಎರಡೂವರೆ ಲೀಟರ್ ಡೀಸೆಲ್ಲು. ಕ್ವಾಲಿಸ್ ನಿಲ್ಸಿ 2005ರಲ್ಲಿ ಬಿಡದಿ ಫ್ಯಾಕ್ಟ್ರಿಯಿಂದ ಬಿಟ್ರಲ್ಲ, 2016ರಲ್ಲಿ ಕ್ರಿಸ್ಟಾ ಬರೋವರ್ಗೂ ಓಡಿದ್ದು, ಅದೇ ಹಳೇ ಬಾಡಿ. ಹದಿನೈದು ವರ್ಷ ತುಂಬಿದ್ಮೇಲೆ ಎಫ್‌ಸಿ ಮಾಡ್ಸಿ ಆರ್‌ಸಿ ರಿನ್ಯೂ ಮಾಡ್ಸಿದೀವಿ, ಹಾಗಾಗಿ ಇನ್ನೊಂದಷ್ಟು ವರ್ಷ ಮಾರೋ ಮಾತೇ ಇಲ್ಲ. ಈ ಇನೋವಾ ಇಟ್ಕೊಂಡಿರೋರೆಲ್ಲ ಇಂಜಿನ್ ಬಗ್ಗೆ ಮಾತಾಡ್ತಾರೆ, ನಾಲ್ಕು ಲಕ್ಷ ಓಡಿದೆ, ಐದು ಲಕ್ಷ ಓಡಿದೆ, ಹೆಡ್ಡೇ ಬಿಚ್ಚಿಲ್ಲ ಅಂತ. ಸರಿ, ಇಂಜಿನ್ ಗಟ್ಟಿನೇ, ಆದ್ರೆ ಇಂಜಿನ್ ಸುತ್ತ ಇರೋ ಸಾಮಾನು ಒಂದೊಂದಾಗಿ ಕೈ ಕೊಡ್ತಾ ಬರತ್ತೆ ನೋಡಿ, ಬಾಗ್ಲು ಹ್ಯಾಂಡಲ್ಲು, ಎಸಿ ಬ್ಲೋವರ್ರು, ಬುಷ್ಷು, ಆಮೇಲೆ ಈ ಪವರ್ ವಿಂಡೋ. ಅದ್ರಲ್ಲೂ ನಮ್ಮ ಮಲ್ನಾಡಲ್ಲಿ ಓಡೋ ಗಾಡಿಗಳದ್ದು ಇನ್ನೂ ಬೇಗ. ಬೇಸಿಗೆಲಿ ಕೆಂಪು ಧೂಳು ಗ್ಲಾಸಿನ ರಬ್ಬರೊಳಗೆ ಕೂರತ್ತೆ, ಜೂನ್ ಬಂದ ಕೂಡ್ಲೆ ಅದೇ ಧೂಳು ಕೆಸರಾಗತ್ತೆ, ಮಳೆ ನಿಂತ್ಮೇಲೆ ಒಣಗಿ ಗಟ್ಟಿಯಾಗತ್ತೆ. ಪ್ರತಿ ವರ್ಷ ಇದೇ ಕಥೆ, ಪಾಪ ಮಷೀನ್ ಎಷ್ಟು ಅಂತ ಎಳೆಯತ್ತೆ.

ನಮ್ಮ ಗಾಡೀಲಿ ಹೋಗಿದ್ದು ಮುಂದಿನ ಎಡಗಡೆ ಬಾಗ್ಲಿಂದು. ಬೇರೆಯವರ ಮನೇಲಿ ಇದು ಹೋದ್ರೆ ಅಷ್ಟೇನು ತೊಂದ್ರೆ ಆಗಲ್ಲ, ಎಸಿ ಹಾಕ್ಕೊಂಡು ಓಡಾಡ್ತಾರೆ. ನಮ್ಮನೇಲಿ ಆ ಸೀಟು ನಮ್ಮ ಮಾವಂದು. ಅವರು ತೀರ್ಥಹಳ್ಳಿ ಕಡೆಯೋರು, ಎಲೆ ಅಡಿಕೆ ಇಲ್ದೆ ಒಂದು ಮೈಲಿ ಹೋಗೋರಲ್ಲ, ಗ್ಲಾಸ್ ಇಳೀಲಿಲ್ಲ ಅಂದ್ರೆ ಏನಾಗತ್ತೆ ನೀವೇ ಲೆಕ್ಕ ಹಾಕಿ. ಮೊದ್ಲು ಒಂದಷ್ಟು ತಿಂಗ್ಳು ಗ್ಲಾಸ್ ಮೇಲೆ ಹೋಗೋವಾಗ ನಿಧಾನ ಆಯ್ತು, ಆಮೇಲೆ ಮುಂದಿನ ಮೂಲೆ ಮೊದ್ಲು ಏರಿ ಹಿಂದಿನ ಮೂಲೆ ಆಮೇಲೆ ಏರೋದು, ಅಂದ್ರೆ ಓರೆ ಓರೆಯಾಗಿ. ಕೈಯಲ್ಲಿ ಗ್ಲಾಸ್ ಹಿಡ್ಕೊಂಡು ಸ್ವಿಚ್ ಎತ್ತಿದ್ರೆ ಹೋಗ್ತಿತ್ತು. ಕೊನೆಗೆ ಮಂಡಗದ್ದೆ ಹತ್ರ ಬರ್ತಾ ಇರ್ಬೇಕಾದ್ರೆ ಒಳಗಡೆ ಕಟಕಟ ಕಟಕಟ ಅಂದು ಗ್ಲಾಸು ಸೀದಾ ಬಾಗ್ಲೊಳಗೆ ಇಳಿದು ಕೂತ್ಬಿಡ್ತು, ಹೊರಗೆ ಜಡಿಮಳೆ. ಟಾರ್ಪಾಲಿನ್ ತುಂಡು ಕಟ್ಕೊಂಡು ಶಿವಮೊಗ್ಗ ಸೇರಿದ್ವಿ, ಅದನ್ನ ಜಾಸ್ತಿ ಹೇಳೋಕೆ ಹೋಗಲ್ಲ.

ಈಗ ಮುಖ್ಯ ವಿಷಯ. ಪವರ್ ವಿಂಡೋ ಕೆಟ್ಟೋಯ್ತು ಅಂದ ಕೂಡ್ಲೆ ಎಲ್ಲಾ ಕಡೆ ಹೇಳೋದು "ಸೆಟ್ ಹಾಕ್ಬಿಡಿ ಸಾರ್" ಅಂತ. ಸೆಟ್ ಅಂದ್ರೆ ಮಷೀನ್ ಪ್ಲಸ್ ಮೋಟ್ರು. ಇವೆರಡೂ ಬೇರೆ ಬೇರೆ ಸಾಮಾನು ಮಾರಾಯ್ರೆ. ಮೋಟ್ರು ತಿರುಗೋದು, ಮಷೀನ್ ಅಂದ್ರೆ ರೆಗ್ಯುಲೇಟರು, ಆ ತಿರುಗೋದನ್ನ ಮೇಲೆ ಕೆಳಗೆ ಹೋಗೋ ಹಾಗೆ ಮಾಡೋ ಕಬ್ಬಿಣದ ಜೋಡಣೆ. ನಮ್ಮ ಗಾಡೀಲಿರೋದು ಕತ್ತರಿ ಥರದ್ದು, ಎರಡು ಪಟ್ಟಿ ಮಧ್ಯೆ ರಿವೆಟ್ ಹೊಡೆದಿರತ್ತೆ, ಒಂದು ಪಟ್ಟಿಯ ಬುಡದಲ್ಲಿ ಅರ್ಧಚಂದ್ರದ ಹಲ್ಲಿನ ಪ್ಲೇಟು, ಮೋಟ್ರಿನ ಸಣ್ಣ ಗೇರು ಆ ಹಲ್ಲನ್ನ ತಿರುಗಿಸತ್ತೆ, ಪಟ್ಟಿಗಳ ತುದೀಲಿ ಪ್ಲಾಸ್ಟಿಕ್ ರೋಲರ್ ಇರತ್ತೆ, ಆ ರೋಲರ್ರು ಗ್ಲಾಸಿನ ಬುಡದಲ್ಲಿರೋ ಕಂಬಿಯಲ್ಲಿ ಜಾರತ್ತೆ. ಕೆಲವು ಕಾರುಗಳಲ್ಲಿ ಕತ್ತರಿ ಬದ್ಲು ಕೇಬಲ್ ಇರತ್ತೆ, ಕ್ಲಚ್ ವೈರ್ ಥರದ್ದು, ಅದ್ರಲ್ಲಿ ವೈರ್ ಕಿತ್ತು ಸಿಕ್ಕಾಕ್ಕೊಳ್ಳೋದು ಇಲ್ಲಾಂದ್ರೆ ಗ್ಲಾಸ್ ಹಿಡ್ಕೊಂಡಿರೋ ಪ್ಲಾಸ್ಟಿಕ್ ಗೈಡ್ ಒಡೆಯೋದೇ ಕಾಯಿಲೆ. ಕತ್ತರಿ ಮಷೀನಿನ ಕಾಯಿಲೆ ಬೇರೆ, ಹಲ್ಲು ಸವೆಯತ್ತೆ, ರಿವೆಟ್ ಸಡಿಲ ಆಗತ್ತೆ, ರೋಲರ್ ಪುಡಿಯಾಗತ್ತೆ.

ಯಾವ್ದು ಹೋಗಿದೆ ಅಂತ ಬಾಗ್ಲು ಬಿಚ್ಚೋಕೆ ಮುಂಚೆನೇ ಮುಕ್ಕಾಲು ಪಾಲು ಗೊತ್ತಾಗತ್ತೆ. ಸ್ವಿಚ್ ಒತ್ತಿದಾಗ ಗುಯ್ಯ್ ಅಂತ ಮೋಟ್ರು ಸದ್ದು ಬರ್ತಿದೆ, ಗ್ಲಾಸ್ ಮಾತ್ರ ಅಲ್ಲಾಡ್ತಿಲ್ಲ ಅಂದ್ರೆ ಮೋಟ್ರು ಜೀವಂತ ಇದೆ, ಮಷೀನ್ ಹೋಗಿದೆ. ಅಪರೂಪಕ್ಕೆ ಮೋಟ್ರೊಳಗಿನ ಪ್ಲಾಸ್ಟಿಕ್ ಗೇರ್ ಸವೆದಿದ್ರೂ ಹೀಗೇ ಆಗತ್ತೆ, ಅದು ಬಿಚ್ಚಿದ್ಮೇಲೆ ಕಾಣತ್ತೆ. ಸದ್ದೇ ಇಲ್ಲ ಅಂದ್ರೆ ಮಷೀನ್ ತಂಟೆಗೆ ಹೋಗ್ಲೇಬೇಡಿ, ಮೊದ್ಲು ಡ್ರೈವರ್ ಬಾಗ್ಲಲ್ಲಿರೋ ವಿಂಡೋ ಲಾಕ್ ಬಟನ್ ಒತ್ತಿದ್ಯಾ ನೋಡಿ (ನಗ್ಬೇಡಿ, ಮಕ್ಕಳಿರೋ ಮನೇಲಿ ಇದೇ ಕಾರಣಕ್ಕೆ ಗ್ಯಾರೇಜಿಗೆ ಹೋದೋರಿದಾರೆ), ಆಮೇಲೆ ಫ್ಯೂಸು, ಆಮೇಲೆ ಆ ಬಾಗ್ಲಿನ ಸ್ವಿಚ್ಚಿಂದ ಆಗದೇ ಇದ್ದದ್ದು ಡ್ರೈವರ್ ಕಡೆ ಸ್ವಿಚ್ಚಿಂದ ಆಗತ್ತಾ ನೋಡಿ, ಆದ್ರೆ ಸ್ವಿಚ್ ಹೋಗಿದೆ ಅಷ್ಟೇ. ಬಾಗ್ಲಿಗೂ ಬಾಡಿಗೂ ಮಧ್ಯ ರಬ್ಬರ್ ಕೊಳವೆ ಇದ್ಯಲ್ಲ, ಅದ್ರೊಳಗೆ ವೈರು ಮಡಚಿ ಮಡಚಿ ತುಂಡಾಗಿರತ್ತೆ ಹಳೇ ಗಾಡೀಲಿ, ಬಾಗ್ಲು ಅರ್ಧ ತೆಗೆದು ಸ್ವಿಚ್ ಒತ್ತಿದ್ರೆ ಒಂದೊಂದ್ಸಲ ಕೆಲಸ ಮಾಡತ್ತೆ, ಹಾಗೆ ಮಾಡಿದ್ರೆ ಅದು ವೈರೇ. ಇನ್ನೊಂದು, ಮೋಟ್ರೊಳಗೆ ಬಿಸಿ ಆದ್ರೆ ಕಟ್ ಆಗೋ ವ್ಯವಸ್ಥೆ ಇರತ್ತೆ, ಮಕ್ಳು ಮೇಲೆ ಕೆಳಗೆ ಆಟ ಆಡಿದ್ಮೇಲೆ ನಿಂತೋದ್ರೆ ಸ್ವಲ್ಪ ಹೊತ್ತು ಬಿಟ್ಟು ಒತ್ತಿ ನೋಡಿ, ಗಾಬರಿ ಬೇಡ.

ನಮ್ದರಲ್ಲಿ ಮೋಟ್ರು ಸದ್ದು ಚೆನ್ನಾಗೇ ಬರ್ತಿತ್ತು. ಅದನ್ನ ಸರ್ವಿಸ್ ಸೆಂಟರಿನ ಅಡ್ವೈಸರಿಗೆ ಹೇಳಿದೆ. ಆ ಹುಡ್ಗ ಒಳ್ಳೇ ಮರ್ಯಾದೆಯಿಂದ್ಲೇ ಮಾತಾಡ್ದ, ಕಾಫಿನೂ ಬಂತು, ಆದ್ರೆ ಬಾಗ್ಲು ಕಡೆ ತಲೆ ಎತ್ತಿ ನೋಡ್ಲಿಲ್ಲ. "ಸಾರ್ ನಮ್ಮಲ್ಲಿ ಅಸೆಂಬ್ಲಿ ಹಾಕೋದು, ಮೋಟಾರೂ ಚೇಂಜ್ ಮಾಡ್ಬೇಕಾಗತ್ತೆ" ಅಂತ. ಪಾರ್ಟ್ಸು ಎಂಟು ಸಾವಿರದ ಮೇಲೆ, ಲೇಬರ್ ಬೇರೆ, ಜಿಎಸ್‌ಟಿ ಬೇರೆ, ಸ್ಟಾಕ್ ಇಲ್ಲ, ಅಡ್ವಾನ್ಸ್ ಕಟ್ಟಿದ್ರೆ ತರಿಸ್ತೀವಿ ಅಂದ್ರು. ಓಡ್ತಾ ಇರೋ ಮೋಟ್ರು ಯಾಕ್ರೀ ಬದಲಾಯಿಸ್ಬೇಕು ಅಂದ್ರೆ ವಾರಂಟಿ ಕೊಡೋಕಾಗಲ್ಲ ಸಾರ್ ಅಂದ. ಅವ್ನ ಮಾತಲ್ಲೂ ಸ್ವಲ್ಪ ನ್ಯಾಯ ಇದೆ ಬಿಡಿ, ಹೊಸಾ ಗಾಡಿಗಾದ್ರೆ ನಾನೂ ಹೂಂ ಅಂತಿದ್ದೆ. ಮಷೀನ್ ಮಾತ್ರ ಕಂಪ್ನಿದು ಬೇರೆ ಕೌಂಟರಲ್ಲಿ ಸಿಗತ್ತೆ ಅನ್ನೋದು ಅಲ್ಲಿ ಯಾರೂ ಬಾಯ್ಬಿಟ್ಟು ಹೇಳ್ಲಿಲ್ಲ, ಅದೇ ನನಗೆ ಬೇಜಾರಾಗಿದ್ದು.

ನನ್ ತಮ್ಮ ಬೆಂಗ್ಳೂರಲ್ಲಿದಾನೆ. ಅವ್ನಿಗೆ ಫೋನ್ ಹಾಕಿ ಜೆಸಿ ರೋಡಿಗೆ ಕಳಿಸ್ದೆ. ಗೊತ್ತಿಲ್ದೋರಿಗೆ ಹೇಳೋದಾದ್ರೆ ಟೌನ್ ಹಾಲ್, ರವೀಂದ್ರ ಕಲಾಕ್ಷೇತ್ರದ ಆ ಕಡೆ ರೋಡು, ಎರಡೂ ಬದಿ ಕಾರಿನ ಸಾಮಾನಿನ ಅಂಗಡಿಗಳೇ, ಸೀಟ್ ಕವರಿಂದ ಹಿಡಿದು ಇಂಜಿನ್ ಬೇರಿಂಗ್ ತನಕ. ಪಾರ್ಕಿಂಗ್ ಆಸೆ ಇಟ್ಕೊಂಡು ಕಾರಲ್ಲಿ ಹೋಗ್ಬೇಡಿ, ಬೈಕಲ್ಲೋ ಬಸ್ಸಲ್ಲೋ ಹೋಗಿ. ಇವ್ನು ಅಂಗಡಿಯಿಂದ್ಲೇ ವಿಡಿಯೋ ಕಾಲ್ ಮಾಡ್ದ.

"ಅಣ್ಣ, ಇಲ್ಲಿ ಮೂರು ಥರ ಇದೆ ಅಂತಾರೆ, ಯಾವ್ದು ಬೇಕು?"

ಅಷ್ಟರಲ್ಲಿ ಅಂಗಡಿಯವ್ರೇ ಫೋನ್ ಇಸ್ಕೊಂಡ್ರು. "ಹೇಳಿ ಸಾರ್, ಯಾವ್ ಟೈಪು ಗಾಡಿ, ಟೈಪ್ ಒನ್ನಾ ಟೂ ನಾ, ರೈಟಾ ಲೆಫ್ಟಾ, ಮುಂದಿಂದಾ ಹಿಂದಿಂದಾ, ಮೋಟ್ರು ಸಮೇತನಾ ಬರೀ ಮಷೀನಾ?" ಒಂದೇ ಉಸ್ರಲ್ಲಿ. ಇಷ್ಟು ಪ್ರಶ್ನೆ ಸರ್ವಿಸ್ ಸೆಂಟರಲ್ಲಿ ಯಾರೂ ಕೇಳಿರ್ಲಿಲ್ಲ ನೋಡಿ.

ಮೂರು ಥರ ಅಂದ್ರೆ ಒಂದು ಕಂಪ್ನಿ ಡಬ್ಬದ ಒರಿಜಿನಲ್ಲು, ಒಂದು "ಓಇಎಂ ಕ್ವಾಲಿಟಿ" (ಅಂದ್ರೆ ಕಾರ್ ಕಂಪ್ನಿಗೆ ಸಪ್ಲೈ ಮಾಡೋರ ಮಟ್ಟದ್ದು) ಅಂತ ಅವ್ರ ಬಾಯಲ್ಲಿ ಮಾತ್ರ ಇರೋದು, ಇನ್ನೊಂದು ಬರೀ ಲೋಕಲ್ಲು. ನಾಲ್ಕನೇದು ಇನ್ನೊಂದಿದೆ, ಶಿವಾಜಿನಗರದ ಗುಜರಿ, ಅಲ್ಲಿ ಆಕ್ಸಿಡೆಂಟ್ ಗಾಡಿಯಿಂದ ಬಿಚ್ಚಿದ ಒರಿಜಿನಲ್ ಮಷೀನ್ ಸಿಗತ್ತೆ. ನನ್ನ ಕೇಳಿದ್ರೆ ಗುಜರೀದು ಒಳ್ಳೇದು ಸಿಕ್ಕಿದ್ರೆ ಅದೇ ಬೆಸ್ಟು, ಆದ್ರೆ ನೀವೇ ಎದುರಿಗೆ ನಿಂತು ಹಲ್ಲು, ರೋಲರ್ರು, ರಿವೆಟ್ಟು ಮುಟ್ಟಿ ನೋಡಿ ತಗೋಬೇಕು, ಫೋನಲ್ಲಿ ಆಗೋ ವ್ಯಾಪಾರ ಅಲ್ಲ ಅದು. ತಮ್ಮಂಗೆ ಅಷ್ಟು ತಾಳ್ಮೆ ಇಲ್ಲ. ಒರಿಜಿನಲ್ ಎಡಗಡೇದು ಆ ಅಂಗಡೀಲಿ ಖಾಲಿ, ಅದಕ್ಕೆ ಮಧ್ಯದ್ದು ಹೇಳ್ದೆ. ಮಷೀನ್ ಮಾತ್ರ, ಮೋಟ್ರಿಲ್ದೆ, ಸುಮಾರು ಸಾವಿರದ ಮುನ್ನೂರು. ಸೆಟ್ಟಾದ್ರೆ ಎರಡೂವರೆ ಸಾವಿರದ ಹತ್ರ ಅಂದ್ರು. ಸೆಟ್ ತಗೊಳ್ಳಿ ಅಂತ ಒತ್ತಾಯ ಮಾಡ್ಲಿಲ್ಲ, "ನಿಮ್ ಹಳೇ ಕಂಪ್ನಿ ಮೋಟ್ರು ಓಡ್ತಾ ಇದ್ರೆ ಅದನ್ನೇ ಇಟ್ಕೊಳ್ಳಿ ಸಾರ್, ಈ ಲೋಕಲ್ ಮೋಟ್ರಿಗಿಂತ ಅದೇ ಜಾಸ್ತಿ ಬರತ್ತೆ" ಅಂದ್ರು. ಮಾರೋನ ಬಾಯಲ್ಲಿ ಈ ಮಾತು ಬರೋದು ಅಪರೂಪ. ಪಾರ್ಸಲ್ ಬಸ್ಸಿಗೆ ಹಾಕಿ ಕಳಿಸ್ದ, ಬೆಳಿಗ್ಗೆ ಹೋಗಿ ಇಸ್ಕೊಂಡು ಬಂದೆ.

ಡಬ್ಬ ಬಿಳೀದು, ಮೇಲೆ ಯಾವ ಹೆಸ್ರೂ ಇಲ್ಲ, ಒಂದು ಚೀಟಿ ಅಂಟ್ಸಿ ಬಾಲ್ ಪೆನ್ನಲ್ಲಿ "ಇನೋವಾ ಫ್ರಂಟ್ ಲೆಫ್ಟ್" ಅಂತ ಬರೆದಿದ್ರು. ಒಳಗಿಂದ ತೆಗೆದು ಹಳೇದರ ಪಕ್ಕ ಇಟ್ಟು ನೋಡ್ದಾಗ ವ್ಯತ್ಯಾಸ ಕಣ್ಣಿಗೇ ಹೊಡೀತು. ಆಕಾರ, ಬೋಲ್ಟ್ ತೂತುಗಳು ಎಲ್ಲ ಸರಿಯಾಗಿದೆ, ಒಂದೇ ಒಂದು ತೂತು ಸ್ವಲ್ಪ ಓರೆ, ಅದನ್ನ ರೌಂಡ್ ಫೈಲಲ್ಲಿ ಉಜ್ಜಿದ್ಮೇಲೆ ಕೂತ್ಕೊಂತು. ಪಟ್ಟಿ ತಗಡು ಹಳೇದಕ್ಕಿಂತ ತೆಳು, ಕೈಯಲ್ಲಿ ಹಿಡಿದ್ರೇ ತೂಕ ಕಮ್ಮಿ ಅಂತ ಗೊತ್ತಾಗತ್ತೆ. ಮಧ್ಯದ ರಿವೆಟ್ ಗಟ್ಟಿಯಾಗಿದೆ, ಅಲ್ಲಾಡಿಸಿದ್ರೆ ಅದರಲ್ಲಿ ಆಟ ಇಲ್ಲ, ಇದು ಮುಖ್ಯ. ಹಲ್ಲಿನ ಪ್ಲೇಟು ಪ್ರೆಸ್ಸಲ್ಲಿ ಕಟ್ ಮಾಡಿದ ಅಂಚು ಹಾಗೇ ಬಿಟ್ಟಿದ್ರು, ಬೆರಳು ಓಡಿಸಿದ್ರೆ ಗೀಚೋ ಹಾಗೆ. ಗ್ರೀಸ್ ಅಂತೂ ದೇವ್ರಿಗೇ ಪ್ರೀತಿ, ಒಂದು ಮೂಲೇಲಿ ಮುದ್ದೆ ಇತ್ತು, ಹಲ್ಲಿಗೆ ಒಂದು ಚೂರೂ ತಾಗಿಲ್ಲ. ರೋಲರ್ ಬಿಳೀ ಪ್ಲಾಸ್ಟಿಕ್ಕು, ಹಳೇದರಲ್ಲಿದ್ದಿದ್ದಕ್ಕಿಂತ ಸ್ವಲ್ಪ ಸಣ್ಣ ಅನ್ನಿಸ್ತು, ಕಂಬಿಯೊಳಗೆ ಹಾಕಿದ್ರೆ ಲೊಡಲೊಡ.

ಹಳೇದರ ಕಥೆನೂ ಹೇಳ್ತೀನಿ, ಯಾಕಂದ್ರೆ ಅದರಲ್ಲೇ ಕಾಯಿಲೆ ಎಲ್ಲಿದೆ ಅಂತ ಗೊತ್ತಾಗಿದ್ದು. ಹಲ್ಲಿನ ಪ್ಲೇಟಲ್ಲಿ ಮೇಲಿನ ಅರ್ಧ ಹೊಸದರ ಥರಾನೇ ಇತ್ತು, ಒಂದು ಕಡೆ ಮಾತ್ರ ಐದಾರು ಹಲ್ಲು ಚೂಪಾಗಿ ಸವೆದು ಎರಡು ಮುರಿದೇ ಹೋಗಿತ್ತು. ಆ ಜಾಗ ಅಂದ್ರೆ ಗ್ಲಾಸ್ ಪೂರ್ತಿ ಮೇಲೆ ಹೋಗಿ ಮುಚ್ಚೋ ಜಾಗ. ಅಂದ್ರೆ ಮೇಲಿನ ಕೊನೇ ಮೂರು ನಾಲ್ಕು ಇಂಚಲ್ಲಿ ಗ್ಲಾಸು ರಬ್ಬರಿಗೆ ಕಚ್ಕೊಂಡು ಎಳೆಸ್ಕೊಂತಾ ಇತ್ತು, ಭಾರ ಎಲ್ಲ ಆ ಐದಾರು ಹಲ್ಲಿಗೇ. ಒಂದು ರೋಲರ್ ಅರ್ಧ ಪುಡಿ. ಎಲೆಕ್ಟ್ರಿಷಿಯನ್ ಅಣ್ಣ ಅದನ್ನ ತೋರ್ಸಿ ಹೇಳಿದ್ದು, "ಸಾರ್, ಮಷೀನ್ ತಾನಾಗೇ ಸಾಯ್ಲಿಲ್ಲ, ಇದನ್ನ ರಬ್ಬರ್ ಸಾಯ್ಸಿರೋದು. ಈಗ ನಾನು ಹೊಸ ಮಷೀನ್ ಹಾಕಿ ಹಳೇ ರಬ್ಬರ್ ಬಿಟ್ರೆ ಈ ತೆಳು ತಗಡಿಂದು ಇನ್ನೂ ಬೇಗ ಹೋಗತ್ತೆ."

ಇದೇ ನೋಡಿ ವಿಷಯ. ಗ್ಲಾಸು ಜಾರೋ ರಬ್ಬರ್ ಚಾನೆಲ್ಲು, ಬಾಗ್ಲು ಫ್ರೇಮಿನ ಒಳಗೆ ಮೂರು ಕಡೆ ಸುತ್ಕೊಂಡು ಬರತ್ತಲ್ಲ, ಅದರೊಳಗೆ ವೆಲ್ವೆಟ್ ಥರದ ನುಣುಪು ಪದರ ಇರತ್ತೆ, ವಯಸ್ಸಾದ್ರೆ ಅದು ಸವೆದು ಬರೀ ಒಣ ರಬ್ಬರ್ ಉಳಿಯತ್ತೆ. ನಮ್ದರಲ್ಲಿ ಕೆಂಪು ಮಣ್ಣು ಸ್ಕ್ರೂಡ್ರೈವರಲ್ಲಿ ಕೆರೆದು ತೆಗೀಬೇಕಾಯ್ತು. ಅದು ಸಾಲದು ಅಂತ ಇನ್ನೊಂದು, 2012ರಲ್ಲಿ ಸುಪ್ರೀಂ ಕೋರ್ಟು ಗ್ಲಾಸಿಗೆ ಕಪ್ಪು ಫಿಲ್ಮ್ ಹಾಕೋ ಹಾಗಿಲ್ಲ ಅಂದಾಗ ಎಲ್ಲರ ಥರ ನಾವೂ ಕಿತ್ತಾಕ್ಸಿದ್ವಿ, ಕಿತ್ತೋರು ಅಂಚಿನ ಗಮ್ಮು ಸರಿಯಾಗಿ ತೆಗೆದಿರ್ಲಿಲ್ಲ, ಆ ಅಂಟು ಇಷ್ಟು ವರ್ಷ ಒಳಗಿನ ಬೀಡಿಂಗಿಗೆ ಉಜ್ತಾನೇ ಇತ್ತು. ಬ್ಲೇಡಲ್ಲಿ ಕೆರೆದು ತಿನ್ನರ್ ಬಟ್ಟೇಲಿ ಒರೆಸಿದ್ಮೇಲೆ ಹೋಯ್ತು. ರಬ್ಬರ್ ಚಾನೆಲ್ ಮಾತ್ರ ಒರಿಜಿನಲ್ಲೇ ಹಾಕ್ಸಿ, ಇದ್ರಲ್ಲಿ ಚೌಕಾಸಿ ಬೇಡ. ಲೋಕಲ್ ಮೀಟರ್ ಲೆಕ್ಕದ್ದು ಮೂಲೇಲಿ ಮಡಚ್ಕೊಳ್ಳತ್ತೆ, ಗ್ಲಾಸು ಅಲ್ಲೇ ತಡೆಯತ್ತೆ.

ಕೆಲಸ ಮಾಡಿದ ರೀತಿ ಬಗ್ಗೆ ಸ್ವಲ್ಪ ಉದ್ದ ಬರೀತೀನಿ, ಯಾಕಂದ್ರೆ ಐದಕ್ಕೆ ಐದು ಸುಮ್ನೆ ಕೊಟ್ಟಿಲ್ಲ. ಡೋರ್ ಪ್ಯಾಡ್, ಅಂದ್ರೆ ಬಾಗ್ಲ ಒಳಗಡೆ ಹೊದಿಕೆ, ಬಿಚ್ಚೋದೇ ಒಂದು ಪರೀಕ್ಷೆ. ಒಳಗಿನ ಹ್ಯಾಂಡಲ್ ಹಿಂದೆ ಸ್ಕ್ರೂ, ಎಳೆಯೋ ಹಿಡಿ ಹತ್ರ ಸ್ಕ್ರೂ, ಇವೆಲ್ಲ ಬಿಚ್ಚಿದ್ಮೇಲೆ ಸುತ್ತ ಪ್ಲಾಸ್ಟಿಕ್ ಕ್ಲಿಪ್ಪು. ಹದಿನೈದು ವರ್ಷದ ಪ್ಲಾಸ್ಟಿಕ್ಕು, ಬಿಸಿಲಲ್ಲಿ ಬೆಂದಿರತ್ತೆ, ಸ್ಕ್ರೂಡ್ರೈವರ್ ತುರುಕಿ ಮೀಟಿದ್ರೆ ಟಪ್ ಟಪ್ ಅಂತ ಒಂದೂ ಉಳಿಯಲ್ಲ, ಆಮೇಲೆ ಇಡೀ ಜೀವಮಾನ ಬಾಗ್ಲು ಗಡಗಡ ಅಂತಿರತ್ತೆ. ಇವ್ರು ಅಗಲದ ಪ್ಲಾಸ್ಟಿಕ್ ಪಟ್ಟಿ ಇಟ್ಟು ಒಂದೊಂದೇ ಕ್ಲಿಪ್ಪಿನ ಹತ್ರ ಎಬ್ಬಿಸಿದ್ರು, ಆದ್ರೂ ಮೂರು ಮುರೀತು, ಅದಕ್ಕೆ ಹೊಸ ಕ್ಲಿಪ್ ಅವ್ರ ಡಬ್ಬೀಲೇ ಇತ್ತು. ಪ್ಯಾಡ್ ಹಿಂದೆ ಪ್ಲಾಸ್ಟಿಕ್ ಹಾಳೆ ಅಂಟಿಸಿರ್ತಾರೆ ಕಪ್ಪು ಮೇಣದಂಥ ಗಮ್ಮಲ್ಲಿ. ಬಹಳಷ್ಟು ಜನ ಇದನ್ನ ಬ್ಲೇಡಲ್ಲಿ ಕುಯ್ದು ಬಿಸಾಕ್ತಾರೆ. ದಯವಿಟ್ಟು ಹಾಗೆ ಮಾಡೋಕೆ ಬಿಡ್ಬೇಡಿ. ಮಳೆ ನೀರು ಗ್ಲಾಸ್ ಪಕ್ಕದಿಂದ ಬಾಗ್ಲೊಳಗೆ ಇಳಿಯೋದು ಮಾಮೂಲು, ಕೆಳಗಿನ ತೂತಿಂದ ಹೊರಗೆ ಹೋಗೋ ಹಾಗೇ ಮಾಡಿರೋದು, ಆ ಹಾಳೆ ಇಲ್ದಿದ್ರೆ ಅದೇ ನೀರು ಒಳಗೆ ಬಂದು ಪ್ಯಾಡ್ ಉಬ್ಬತ್ತೆ, ಕಾಲಡಿ ಕಾರ್ಪೆಟ್ ನಾರತ್ತೆ. ಇವ್ರು ಹಾಳೇನ ನಿಧಾನಕ್ಕೆ ಬಿಡಿಸಿ ಮಡಚಿ ಡ್ಯಾಶ್‌ಬೋರ್ಡ್ ಮೇಲಿಟ್ರು, ಆಮೇಲೆ ಅದೇ ಗಮ್ಮಿಗೆ ಒತ್ತಿ ಅಂಟಿಸಿದ್ರು. ಜೊತೆಗೆ ಬಾಗ್ಲಿನ ಕೆಳಗಿನ ತೂತು ಮಣ್ಣು ಕಟ್ಟಿ ಮುಚ್ಚೋಗಿತ್ತು, ತಂತಿ ಹಾಕಿ ತೆಗೆದಾಗ ಒಳಗೆ ನಿಂತಿದ್ದ ನೀರು ಹೊರಗೆ ಬಂತು. ಮಷೀನಿನ ಬುಡ ತುಕ್ಕು ಹಿಡಿಯೋಕೆ ಅದೇ ಕಾರಣ.

ಆಮೇಲೆ ಗ್ಲಾಸನ್ನ ಕೈಯಲ್ಲಿ ಮೇಲೆತ್ತಿ ಫ್ರೇಮಿಗೆ ಅಗಲ ಟೇಪ್ ಹಾಕಿ ನಿಲ್ಸಿದ್ರು, ಹತ್ತರ ಸ್ಪ್ಯಾನರಲ್ಲಿ ಬೋಲ್ಟ್ ಬಿಚ್ಚಿ ಮಷೀನ್ ಹೊರಗೆ ತೆಗೆದ್ರು. ಇಲ್ಲಿ ಒಂದು ಎಚ್ಚರಿಕೆ, ಮನೇಲಿ ಮಾಡ್ಕೊಳ್ಳೋರು ಗಮನ ಇಟ್ಟು ಓದಿ. ಈ ಕತ್ತರಿ ಮಷೀನಲ್ಲಿ ಸುರುಳಿ ಸ್ಪ್ರಿಂಗ್ ಇರತ್ತೆ, ಗ್ಲಾಸಿನ ಭಾರಕ್ಕೆ ಸಹಾಯ ಮಾಡೋಕೆ. ಮೋಟ್ರು ಕೂತಿರೋವರೆಗೂ ಅದು ತೆಪ್ಪಗಿರತ್ತೆ, ಮೋಟ್ರಿನ ಸ್ಕ್ರೂ ಬಿಚ್ಚಿದ ಕ್ಷಣ ಪಟ್ಟಿ ರಪ್ ಅಂತ ತಿರುಗತ್ತೆ, ಮಧ್ಯೆ ಬೆರಳಿದ್ರೆ ಆ ಬೆರಳ ಆಸೆ ಬಿಡ್ಬೇಕು. ಇವ್ರು ಮೊದ್ಲು ಹಲ್ಲಿನ ಪ್ಲೇಟಿಗೂ ಬುಡದ ಪ್ಲೇಟಿಗೂ ಸೇರಿಸಿ ಒಂದು ಉದ್ದ ಬೋಲ್ಟ್ ತೂರಿಸಿ ನಟ್ ಬಿಗಿದ್ರು, ಆಮೇಲೆ ಮೋಟ್ರು ಬಿಚ್ಚಿದ್ರು. ಮೋಟ್ರನ್ನ ಬ್ಯಾಟ್ರಿಗೆ ನೇರ ಕೊಟ್ಟು ಎರಡೂ ಕಡೆ ತಿರುಗಿಸಿ ನೋಡಿದ್ರು, ವೈರ್ ಅದಲು ಬದಲು ಮಾಡಿದ್ರೆ ಉಲ್ಟಾ ತಿರುಗತ್ತೆ ಅಷ್ಟೇ. ಸಣ್ಣ ಗೇರಿನ ಹಲ್ಲು ಚೆನ್ನಾಗಿತ್ತು. ಹಳೇ ಗ್ರೀಸು ಒರೆಸಿ ಹೊಸ ವೈಟ್ ಗ್ರೀಸ್ ತುಂಬಿ ಹೊಸ ಮಷೀನಿಗೆ ಕೂರಿಸಿದ್ರು. ಹೊಸದರ ಹಲ್ಲಿನ ಅಂಚನ್ನೂ ಫೈಲಲ್ಲಿ ಉಜ್ಜಿದ್ರು, ನಾನು ಹೇಳ್ಲಿಲ್ಲ, ಅವ್ರಾಗೇ. ಲೊಡಲೊಡ ಅಂತಿದ್ದ ರೋಲರ್ ಕಿತ್ತು ಬೇರೆ ಯಾವ್ದೋ ಹಳೇ ಕಂಪ್ನಿ ಮಷೀನಿಂದ ತೆಗೆದಿಟ್ಟಿದ್ದ ರೋಲರ್ ಹಾಕಿದ್ರು, ಅದಕ್ಕೆ ದುಡ್ಡೂ ತಗೋಳ್ಲಿಲ್ಲ.

ಕೊನೇ ಕೆಲಸಕ್ಕೇ ನಿಜವಾದ ಮಾರ್ಕ್ಸ್. ಬೋಲ್ಟೆಲ್ಲ ಕೂರಿಸಿ ಒಂದೇ ಸಲ ಬಿಗಿಯೋದು ಸುಲಭ, ಹಾಗೆ ಮಾಡಿದ್ರೆ ಗ್ಲಾಸ್ ಓರೆಯಾಗೇ ಉಳಿಯತ್ತೆ. ಮಷೀನಲ್ಲಿ ಬಾಗ್ಲಿಗೆ ಬಿಗಿಯೋ ಇನ್ನೊಂದು ಸಣ್ಣ ಕಂಬಿ ಇರತ್ತೆ, ಅದರ ಬೋಲ್ಟ್ ತೂತು ಉದ್ದುದ್ದ, ಅದನ್ನ ಮೇಲೆ ಕೆಳಗೆ ಮಾಡಿದ್ರೆ ಗ್ಲಾಸಿನ ಓರೆ ಬದಲಾಗತ್ತೆ. ಎಲ್ಲ ಅರ್ಧ ಬಿಗಿದು, ಗ್ಲಾಸ್ ಪೂರ್ತಿ ಮೇಲೆ ಓಡಿಸಿ ರಬ್ಬರಲ್ಲಿ ಸರಿಯಾಗಿ ಕೂತ್ಮೇಲೆ ಆ ಸ್ಥಿತೀಲೇ ಬಿಗಿದ್ರು. ಆಮೇಲೆ ಇಳಿಸಿ ಏರಿಸಿ ನೋಡಿ ಮತ್ತೆ ಒಂಚೂರು ಸಡಿಲಿಸಿ ಬಿಗಿದ್ರು. ಅಲ್ಲೇ ನಿಂತಿದ್ದ ಇನ್ನೊಬ್ರು ಗಿರಾಕಿ ಇಷ್ಟೊತ್ತು ಯಾಕೆ ಅಂತ ಗೊಣಗ್ತಿದ್ರು, ಇವ್ರು ತಲೆ ಕೆಡಿಸ್ಕೊಳ್ಲಿಲ್ಲ. ಕೂಲಿ ಏಳುನೂರು, ಕ್ಲಿಪ್ಪು ಗ್ರೀಸು ಸೇರಿ. ರಬ್ಬರ್ ಚಾನೆಲ್ ನಾನೇ ತಂದಿದ್ದು, ಅದು ಮಷೀನಿಗಿಂತ ಕಮ್ಮಿ ಏನಿಲ್ಲ. ಎಲ್ಲಾ ಸೇರಿ ಸರ್ವಿಸ್ ಸೆಂಟರ್ ಹೇಳಿದ್ದರ ಅರ್ಧದೊಳಗೇ ಮುಗೀತು.

ಈಗ ಒಂದು ಮಳೆಗಾಲ ಕಳೆದಿದೆ. ಗ್ಲಾಸ್ ನೇರ ಹೋಗತ್ತೆ ನೇರ ಬರತ್ತೆ, ಬಲಗಡೇದಕ್ಕಿಂತ ಸ್ವಲ್ಪ ಜಾಸ್ತಿ ಸ್ಪೀಡೇ ಇದೆ, ಹೊಸ ರಬ್ಬರ್ ಆದ್ರಿಂದ ಹೈವೇಲಿ ಗಾಳಿ ಸದ್ದೂ ಕಮ್ಮಿ. ಹಾಗಾದ್ರೆ ಮಷೀನಿಗೆ ಮೂರೇ ಮಾರ್ಕ್ಸ್ ಯಾಕೆ ಅಂತೀರಾ? ಗ್ಲಾಸ್ ಅರ್ಧ ಇಳಿಸ್ಕೊಂಡು ಕೆಟ್ಟ ರೋಡಲ್ಲಿ ಹೋದ್ರೆ ಬಾಗ್ಲೊಳಗೆ ಟಿಕ್ ಟಿಕ್ ಅಂತ ಸಣ್ಣ ಸದ್ದು ಬರತ್ತೆ, ಹಳೇ ಒರಿಜಿನಲಲ್ಲಿ ಹಲ್ಲು ಹೋಗೋ ತನಕ ಈ ಸದ್ದಿರ್ಲಿಲ್ಲ. ತೆಳು ತಗಡು ಅದುರೋದು ಅದು. ಬಣ್ಣನೂ ಅಷ್ಟಕ್ಕಷ್ಟೇ, ಡಬ್ಬದಿಂದ ತೆಗೆದಾಗ್ಲೇ ಅಂಚಲ್ಲಿ ಸಣ್ಣಗೆ ತುಕ್ಕಿನ ಗೆರೆ ಇತ್ತು, ಅದಕ್ಕೆ ಹಾಕೋ ಮುಂಚೆ ಸ್ಪ್ರೇ ಪೇಂಟ್ ಹೊಡೆಸ್ದೆ. ಹೀಗೆ ಹೊರಗಿಂದ ಇಷ್ಟೆಲ್ಲ ರಿಪೇರಿ ಮಾಡಿ ಹಾಕೋ ಹೊಸಾ ಪಾರ್ಟಿಗೆ ನಾಲ್ಕು ಕೊಡೋಕೆ ಮನಸ್ಸು ಬರ್ಲಿಲ್ಲ. ಹಾಗೇ ಡಬ್ಬ ಬಿಚ್ಚಿ ಹಾಗೇ ಹಾಕಿದ್ರೆ ಎರಡೇ. ಕಂಪ್ನಿ ಮಷೀನ್ ಮಾತ್ರ, ಮೋಟ್ರಿಲ್ದೆ, ನಿಮ್ಮೂರಲ್ಲಿ ಸಿಗತ್ತೆ ಅಂದ್ರೆ ಒಂದೆರಡು ಸಾವಿರ ಜಾಸ್ತಿ ಆದ್ರೂ ಅದನ್ನೇ ತಗೊಳ್ಳಿ.

ರಬ್ಬರಿಗೆ ಏನು ಹಾಕೋದು ಅಂತ ತುಂಬ ಜನ ಕೇಳ್ತಾರೆ. ಸಿಲಿಕಾನ್ ಸ್ಪ್ರೇ, ಚಾನೆಲ್ ಒಳಗೆ, ಮಳೆಗಾಲಕ್ಕೆ ಮುಂಚೆ ಒಂದ್ಸಲ, ಮುಗಿದ್ಮೇಲೆ ಒಂದ್ಸಲ, ಅದಕ್ಕೂ ಮುಂಚೆ ಒದ್ದೆ ಬಟ್ಟೇಲಿ ಧೂಳು ತೆಗೀಬೇಕು. ಇಂಜಿನ್ ಆಯಿಲ್ಲು, ಮಾಮೂಲಿ ಗ್ರೀಸು, ಕೊಬ್ಬರಿ ಎಣ್ಣೆ ಯಾವ್ದೂ ಬೇಡ, ಇವಕ್ಕೆ ಧೂಳು ಇನ್ನೂ ಚೆನ್ನಾಗಿ ಅಂಟತ್ತೆ, ಪೆಟ್ರೋಲಿಯಂ ಎಣ್ಣೆಗೆ ರಬ್ಬರೂ ಉಬ್ಬತ್ತೆ. ತುಕ್ಕು ಬಿಡಿಸೋ ಡಬ್ಲ್ಯೂಡಿ 40 ಸ್ಪ್ರೇ ಹೊಡೆದು ಸರಿಹೋಯ್ತು ಅನ್ನೋರಿದಾರೆ, ಒಂದು ವಾರ ನುಣ್ಣಗಿರತ್ತೆ, ಆಮೇಲೆ ಮತ್ತೆ ಅದೇ. ಗ್ಲಾಸ್ ಪೂರ್ತಿ ಮೇಲೆ ಹೋದ್ಮೇಲೂ ಸ್ವಿಚ್ ಎತ್ತಿ ಹಿಡ್ಕೊಂಡೇ ಇರೋ ಅಭ್ಯಾಸ ಕೆಲವ್ರಿಗಿದೆ, ಮೋಟ್ರಿಗೂ ಹಲ್ಲಿಗೂ ಅದಕ್ಕಿಂತ ಹಿಂಸೆ ಇಲ್ಲ.

ತರಿಸೋರಿಗೆ ಇನ್ನೊಂದೆರಡು ಮಾತು. ಎಡದ್ದು ಬಲಕ್ಕೆ ಆಗಲ್ಲ, ಮುಂದಿಂದು ಹಿಂದಿಂದಕ್ಕೆ ಆಗಲ್ಲ, ಎಡ ಬಲ ಅಂದ್ರೆ ಡ್ರೈವರ್ ಸೀಟಲ್ಲಿ ಕೂತು ಮುಂದೆ ನೋಡ್ದಾಗಿನ ಎಡ ಬಲ. ಬಸ್ಸಿಗೆ ಹಾಕೋಕೆ ಮುಂಚೆ ಡಬ್ಬ ಬಿಚ್ಚಿಸಿ ಫೋಟೋ ತರಿಸ್ಕೊಂಡು ನಿಮ್ಮ ಹಳೇದರ ಪಕ್ಕ ಇಟ್ಟು ನೋಡಿ, ಮೋಟ್ರು ಕೂರೋ ಮೂರು ತೂತು ಹೊಂದತ್ತಾ ಅಂತ. ಬಿಲ್ ಕೇಳಿ ಇಸ್ಕೊಳ್ಳಿ, ಬಿಲ್ ಇದ್ರೆ ಬದಲಾಯಿಸಿ ಕೊಡ್ತಾರೆ, ದುಡ್ಡು ವಾಪಸ್ ಅಂತೂ ಅಲ್ಲಿ ಯಾರೂ ಕೊಡಲ್ಲ. ನಮ್ಮ ಬಲಗಡೆ ಗ್ಲಾಸೂ ಈಗ ಮೇಲೆ ಹೋಗೋವಾಗ ಸ್ವಲ್ಪ ಮುಲುಗ್ತಾ ಇದೆ, ಅದಕ್ಕೆ ಮಷೀನ್ ಗೋಜಿಗೆ ಹೋಗಿಲ್ಲ, ಒರಿಜಿನಲ್ ರಬ್ಬರ್ ಚಾನೆಲ್ ಮಾತ್ರ ಆರ್ಡರ್ ಹಾಕಿದೀನಿ.